ಪರಾಭವದ ಹೊಸ್ತಿಲಲ್ಲಿ

ಯುಗಾದಿ ಸಂಚಿಕೆಯ ಮುಖಪುಟ ಸಿದ್ಧವಾಗುತ್ತಿದ್ದಾಗ ನಮ್ಮ ಕಲಾವಿದ ಹುಡುಗ ಫೋನು ಮಾಡಿದ. ಮಾವಿನ ತೋರಣ, ಬೇವಿನ ಹೂವು, ಮೂಲೆಯಲ್ಲೊಂದು ಬಟ್ಟಲು, ಎಲ್ಲ ಬರೆದು ಮುಗಿಸಿದ್ದ. "ಅಕ್ಕಾ, ಸಂವತ್ಸರದ ಹೆಸರು ಹಾಕಲೇಬೇಕಾ? ಪರಾಭವ ಸಂವತ್ಸರದ ಶುಭಾಶಯ ಅಂತ ಬರೆದ್ರೆ ಓದೋರಿಗೆ ಒಂಥರಾ ಆಗಲ್ವಾ?" ಎಂದ. ಪ್ರತಿ ವರ್ಷ ಹಾಕುತ್ತೇವಲ್ಲ, ಈ ವರ್ಷವೂ ಹಾಕು ಎಂದೆ. ಫೋನು ಇಟ್ಟ ಮೇಲೆ, ಅಷ್ಟು ಗಟ್ಟಿಯಾಗಿ ಯಾಕೆ ಹೇಳಿದೆ ಎಂದು ನನಗೆ ನಾನೇ ಬಿಡಿಸಿ ಹೇಳಿಕೊಳ್ಳಬೇಕೆನ್ನಿಸಿತು. ಹಾಗೆ ಬಿಡಿಸಿಕೊಳ್ಳುತ್ತ ಹೋದದ್ದೇ ಈ ಸಲದ ಸಂಪಾದಕೀಯ.

ಇದೇ 2026ರ ಮಾರ್ಚ್ 19ಕ್ಕೆ ವಿಶ್ವಾವಸು ಕಳೆದು ಪರಾಭವ ಬರುತ್ತದೆ. ಪರಾಭವ ಎಂದರೆ ಸೋಲು. ಬೇರೆ ಅರ್ಥ ಹುಡುಕಿ ಸಮಾಧಾನಪಟ್ಟುಕೊಳ್ಳಲು ದಾರಿಯಿಲ್ಲ. ಗುರುಗ್ರಹ ಸೂರ್ಯನನ್ನು ಒಂದು ಸುತ್ತು ಬರಲು ಸುಮಾರು 12 ವರ್ಷ ಬೇಕು. ಅಂಥ ಐದು ಸುತ್ತಿಗೆ 60 ವರ್ಷ, ವರ್ಷಕ್ಕೊಂದರಂತೆ 60 ಹೆಸರು. ಆ ಪಟ್ಟಿಯನ್ನು ಒಮ್ಮೆ ಓದಿ ನೋಡಿ. ಶುಭಕೃತು, ಸೌಮ್ಯ, ಆನಂದ ಇದ್ದ ಹಾಗೆಯೇ ವಿಕೃತಿ, ದುರ್ಮುಖಿ, ರಾಕ್ಷಸ, ದುರ್ಮತಿಗಳೂ ಇವೆ. ಕಾಲಕ್ಕೆ ಹೆಸರಿಟ್ಟವರು ಒಳ್ಳೆಯದನ್ನಷ್ಟೇ ಆರಿಸಲಿಲ್ಲ. ಆದರೆ ನಾವು ಸುಮ್ಮನಿರಲಾರದವರು. ಅರವತ್ತನೆಯ ಹೆಸರು ಕ್ಷಯ. ಅದಕ್ಕೆ ಮುಂದೊಂದು 'ಅ' ಸೇರಿಸಿ ಅಕ್ಷಯ ಎಂದು ಕರೆಯುವ ರೂಢಿ ಬಂದುಬಿಟ್ಟಿದೆ. ಒಂದೇ ಅಕ್ಷರದಲ್ಲಿ ಕರಗುವುದು ಕರಗದ್ದಾಯಿತು.

ಹೆಸರಿನಿಂದ ವರ್ಷದ ಫಲ ಹೇಳುವವಳು ನಾನಲ್ಲ. 2020ರಲ್ಲಿ ಶಾರ್ವರಿ ಸಂವತ್ಸರ ಬಂದ ಯುಗಾದಿಯ ದಿನವೇ, ಮಾರ್ಚ್ 25ರಂದು, ದೇಶವೆಲ್ಲ ಲಾಕ್‌ಡೌನ್ ಆಯಿತು. ಶಾರ್ವರಿ ಎಂದರೆ ರಾತ್ರಿ, ನೋಡಿದಿರಾ ಎಂದು ಆಗ ಹಲವರು ಹೇಳಿದರು. ವೈರಾಣುವಿಗೆ ನಮ್ಮ ಪಂಚಾಂಗ ಗೊತ್ತಿರಲಿಲ್ಲ. ನನ್ನನ್ನು ಕಾಡುತ್ತಿರುವುದು ಫಲವಲ್ಲ, ಆ ಹೆಸರನ್ನು ಬಾಯಿಬಿಟ್ಟು ಹೇಳಲು ನಮಗಾಗುವ ಹಿಂಜರಿಕೆ.

ಆ ಹಿಂಜರಿಕೆ ನನಗೆ ಹುಟ್ಟಿನಿಂದ ಪರಿಚಯ. ಕಳೆದ ಸಲ ಪರಾಭವ ಬಂದದ್ದು 1966ರಲ್ಲಿ, ನಾನು ಹುಟ್ಟಿದ ವರ್ಷ. ಅಜ್ಜ ತಮ್ಮ ದುಂಡು ಅಕ್ಷರದಲ್ಲಿ ಬರೆದಿಟ್ಟ ಜಾತಕದ ಮೊದಲ ಸಾಲಿನಲ್ಲೇ ಆ ಹೆಸರಿದೆ. ಹುಟ್ಟಿದ ವರ್ಷ ಯಾವುದು ಎಂದು ಯಾರಾದರೂ ಕೇಳಿದರೆ ಅಮ್ಮ "ವಿಶ್ವಾವಸುವಿನ ಮರುವರ್ಷ" ಎನ್ನುತ್ತಿದ್ದಳು. ಮಗಳ ಹೆಸರಿನ ಪಕ್ಕ ಸೋಲು ಎಂಬ ಮಾತು ನಿಲ್ಲಬಾರದೆಂಬ ತಾಯಿಯ ಅಕ್ಕರೆ ಅದು, ಅಮ್ಮನನ್ನು ನಾನು ದೂರುವುದಿಲ್ಲ. ಈಗ ಅರವತ್ತರ ಚಕ್ರ ಒಂದು ಸುತ್ತು ಮುಗಿಸಿ ಅದೇ ಹೆಸರಿಗೆ ಬಂದು ನಿಂತಿದೆ. ಆಗಸ್ಟಿನಲ್ಲಿ ಶಾಲೆಯಿಂದ ನಿವೃತ್ತಿ. ಸಿಂಹ ನಡೆಯುತ್ತ ನಡೆಯುತ್ತ ತಡೆದು ನಿಂತು, ಕತ್ತು ಹೊರಳಿಸಿ ಬಂದ ದಾರಿಯನ್ನು ನೋಡುತ್ತದೆ, ಆ ನೋಟಕ್ಕೆ ಸಿಂಹಾವಲೋಕನ ಎಂದು ಹೆಸರು ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಇದೀಗ ನನ್ನ ಸರದಿ.

ಕಳೆದ ಸಲದ ವಿಶ್ವಾವಸು 1965ರದು. ಅದೇ 1965ರಲ್ಲಿ ಕನ್ನಡಕ್ಕೆ ಎರಡು ಕಾದಂಬರಿಗಳು ಬಂದವು: ಅನಂತಮೂರ್ತಿಯವರ 'ಸಂಸ್ಕಾರ', ಭೈರಪ್ಪನವರ 'ವಂಶವೃಕ್ಷ'. ಮುಂದೆ ಈ ಇಬ್ಬರ ದಾರಿಗಳು ಎಷ್ಟು ಬೇರೆಯಾದವೆಂದರೆ, ಒಬ್ಬರನ್ನು ಮೆಚ್ಚುವವರು ಇನ್ನೊಬ್ಬರ ಹೆಸರೆತ್ತಲೂ ಒಲ್ಲದಂತಾಯಿತು. ಆದರೆ ಆ ಎರಡು ಪುಸ್ತಕಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದಾಗಲೆಲ್ಲ ನನಗೆ ಒಂದೇ ನೋವು ಕಂಡಿದೆ. ದೂರ್ವಾಸಪುರದ ಪ್ರಾಣೇಶಾಚಾರ್ಯರನ್ನು ಇಡೀ ಅಗ್ರಹಾರ ತಲೆಯ ಮೇಲೆ ಹೊತ್ತಿದೆ. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳನ್ನು ಊರೇ ಧರ್ಮದ ಮೂರ್ತಿ ಎಂದು ನಂಬಿದೆ. ಒಬ್ಬರಿಗೆ ಒಂದು ರಾತ್ರಿಯಲ್ಲಿ, ಇನ್ನೊಬ್ಬರಿಗೆ ಮುಪ್ಪಿನಲ್ಲಿ, ತಾವು ನಿಂತ ನೆಲ ತಾವಂದುಕೊಂಡದ್ದಲ್ಲ ಎಂದು ತಿಳಿಯುತ್ತದೆ. ಮೇಳಿಗೆಯ ಜಾತ್ರೆಯ ಗದ್ದಲದಲ್ಲಿ ಆಚಾರ್ಯರು ಅಲೆಯುವುದನ್ನು ಓದುವಾಗ ನನಗೆ ಈಗಲೂ ಎದೆ ಬಡಿದುಕೊಳ್ಳುತ್ತದೆ. ಯಾರಾದರೂ ಗುರುತು ಹಿಡಿದಾರು ಎಂಬ ಅಂಜಿಕೆ, ಹಿಡಿದರೆ ಆ ರಾತ್ರಿ ನಡೆದದ್ದನ್ನು ಹೇಳಿಬಿಡಬಹುದು ಎಂಬ ಆಸೆ, ಎರಡೂ ಒಟ್ಟಿಗೆ. ಗಾಡಿ ಹತ್ತಿದ ಆಚಾರ್ಯರು ಊರಿಗೆ ಹೋಗಿ ಹೇಳಿದರೋ ಇಲ್ಲವೋ ಎಂಬುದನ್ನು ಅನಂತಮೂರ್ತಿ ನಮಗೆ ತಿಳಿಸಲಿಲ್ಲ. ತರಗತಿಯಲ್ಲಿ ಈ ಕಥೆ ಹೇಳಿದಾಗಲೆಲ್ಲ ಮಕ್ಕಳು "ಆಮೇಲೆ?" ಎಂದು ಕೇಳಿದ್ದಾರೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ನಾನು ತಿರುಗಿ ಕೇಳಿದ್ದೇನೆ. ನಾನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಒಮ್ಮೆಯೂ ಯೋಚಿಸಲಿಲ್ಲ.

ಅರವತ್ತು ವರ್ಷದ ನಂತರ ಮರಳಿ ಬಂದ ವಿಶ್ವಾವಸುವಿನಲ್ಲೇ, 2025ರ ಸೆಪ್ಟೆಂಬರ್ 24ರಂದು ಭೈರಪ್ಪನವರು ತೀರಿಕೊಂಡರು. ಅವರ ಕಾದಂಬರಿಗಳ ಬಗ್ಗೆ ನನ್ನ ತಕರಾರುಗಳಿವೆ, ಅವು ಹಾಗೇ ಇರಲಿ. ಆದರೆ ಆತ್ಮಕಥೆ 'ಭಿತ್ತಿ'ಯಲ್ಲಿ ಅವರು ಪ್ಲೇಗಿಗೆ ತಾಯಿಯನ್ನು ಕಳೆದುಕೊಂಡದ್ದನ್ನು, ಬೇಡಿ ಉಂಡು ಓದಿದ್ದನ್ನು ಬರೆದಿರುವ ರೀತಿಯಲ್ಲಿ ಎಲ್ಲೂ ಮುಚ್ಚುಮರೆಯಿಲ್ಲ. ಆ ಪುಸ್ತಕವನ್ನು ಹೆಚ್ಚು ಜನ ಓದಲಿ ಎಂಬುದು ನನ್ನ ಆಸೆ.

ಇನ್ನು ನನ್ನ ಮಾತು.

1984ರಲ್ಲಿ ನಾನು ದ್ವಿತೀಯ ಪಿಯುಸಿ ವಿಜ್ಞಾನದಲ್ಲಿ ಗಣಿತಕ್ಕೆ ಫೇಲಾದೆ. ನೂರಕ್ಕೆ ಇಪ್ಪತ್ತೆರಡು. ಫಲಿತಾಂಶ ನೋಡಲು ಹೋದ ಅಪ್ಪಯ್ಯ ಕೊನೆಯ ಬಸ್ಸಿಗೆ ಬಂದರು. ಕಾಲು ತೊಳೆದುಕೊಂಡು, ಊಟಕ್ಕೆ ಕೂತು, ಸಾರು ಕಲಸಿಕೊಳ್ಳುತ್ತ "ನಂಬರ್ ಕಾಣಲಿಲ್ಲ" ಎಂದರು. ಅಷ್ಟೇ. ಮರುದಿನದಿಂದ ಆ ಮಾತು ಮನೆಯಲ್ಲಿ ಬರಲಿಲ್ಲ. ಬಂದವರಿಗೆಲ್ಲ "ಅವಳಿಗೆ ಆರ್ಟ್ಸ್ ಕಡೆ ಮನಸ್ಸು" ಎಂಬ ಉತ್ತರ ಸಿದ್ಧವಾಗಿತ್ತು. ಅಕ್ಟೋಬರಿನ ಪೂರಕ ಪರೀಕ್ಷೆಯಲ್ಲಿ ಪಾಸಾಗಿ, ಬಿಎಗೆ ಸೇರಿ, ಕನ್ನಡ ಎಂಎ ಮಾಡಿ ಮೇಷ್ಟರಾದೆ. ಮನೆಯವರು ಕಟ್ಟಿದ ಉತ್ತರವನ್ನು ನಾನೂ ಹೇಳತೊಡಗಿದೆ. ವರ್ಷ ಕಳೆದಂತೆ ಅದಕ್ಕೆ ಕೈಕಾಲು ಬೆಳೆದವು. ಸನ್ಮಾನ ಪತ್ರಗಳಲ್ಲಿ, ನಿರೂಪಕರ ಬಾಯಲ್ಲಿ, "ಕನ್ನಡದ ಮೇಲಿನ ಪ್ರೀತಿಯಿಂದ ವಿಜ್ಞಾನವನ್ನೇ ತೊರೆದು ಬಂದವರು" ಎಂದು ಬಂತು. ನಾನು ತಿದ್ದಲಿಲ್ಲ. ಇದೇ ಪತ್ರಿಕೆಯ ಪುಟಗಳಲ್ಲೂ ಒಮ್ಮೆ ಹಾಗೆ ಅಚ್ಚಾಗಿದೆ. ಓದುಗರಿಗೆ ಅದನ್ನು ಇವತ್ತು ತಿದ್ದಿ ಹೇಳುತ್ತಿದ್ದೇನೆ.

ಸಣ್ಣ ಸುಳ್ಳು, ಯಾರಿಗೆ ಏನು ನಷ್ಟ ಎಂದು ಕೇಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ನಷ್ಟ ಎಲ್ಲಿ ಆಯಿತೆಂದು ಗೊತ್ತಾದದ್ದು ಈ ವಿಶ್ವಾವಸುವಿನಲ್ಲಿ. ಕನ್ನಡದ ಮೇಲಿನ ನನ್ನ ಪ್ರೀತಿ ಸುಳ್ಳಲ್ಲ. ಆದರೆ ಅದು ಹುಟ್ಟಿದ್ದು ಫೇಲಾಗುವ ಮುಂಚೆ ಅಲ್ಲ, ಫೇಲಾದ ಮೇಲೆ. ಜೂನ್‌ನಿಂದ ಅಕ್ಟೋಬರ್‌ವರೆಗೆ, ಮಲೆನಾಡಿನ ಮಳೆಯ ಆ ನಾಲ್ಕು ತಿಂಗಳು, ಗಣಿತದ ಪುಸ್ತಕ ಚೀಲದಲ್ಲಿಟ್ಟುಕೊಂಡು ಪೇಟೆಯ ಶಾಖಾ ಗ್ರಂಥಾಲಯಕ್ಕೆ ಹೋಗುತ್ತಿದ್ದೆ. ಮನೆಯಲ್ಲಿ ಎಲ್ಲರ ಕಣ್ಣು ತಪ್ಪಿಸಬೇಕಿತ್ತು. ಅಲ್ಲಿ ಸಿಕ್ಕಿದ್ದು ಕಾರಂತರ 'ಬೆಟ್ಟದ ಜೀವ', ಆಮೇಲೆ 'ಮರಳಿ ಮಣ್ಣಿಗೆ'. ತೊಯ್ದ ಕೊಡೆಯನ್ನು ಬಾಗಿಲ ಮೂಲೆಯಲ್ಲಿ ಒರಗಿಸಿ, ಸೆರಗಿನಿಂದ ಕೈ ಒರೆಸಿಕೊಂಡು ಪುಟ ತಿರುಗಿಸುತ್ತಿದ್ದದ್ದು, ಗ್ರಂಥಪಾಲಕರು ಸಂಜೆ ಐದಕ್ಕೆ ಕಿಟಕಿ ಮುಚ್ಚುತ್ತ ನನ್ನ ಪಕ್ಕದ ಕಿಟಕಿಯನ್ನು ಮಾತ್ರ ಕೊನೆಗೆ ಬಿಡುತ್ತಿದ್ದದ್ದು, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ನನ್ನ ಬದುಕಿನ ಅತಿ ಮುಖ್ಯವಾದ ನಾಲ್ಕು ತಿಂಗಳು ಅವು. ಸೋಲನ್ನು ಮುಚ್ಚಿಡಬೇಕಾದ್ದರಿಂದ ಅವನ್ನೂ ಮುಚ್ಚಿಟ್ಟೆ. ನಲವತ್ತು ವರ್ಷ ಆ ಗ್ರಂಥಪಾಲಕರ ಉಪಕಾರವನ್ನು ಒಂದು ವೇದಿಕೆಯಲ್ಲೂ ನೆನೆಯಲಾಗಲಿಲ್ಲ. ನೆನೆದಿದ್ದರೆ, ಆ ವರ್ಷ ನೀವು ಕಾಲೇಜಿಗೆ ಹೋಗುತ್ತಿರಲಿಲ್ಲವೆ ಎಂಬ ಪ್ರಶ್ನೆ ಏಳುತ್ತಿತ್ತು. ಅವರು ಈಗಿಲ್ಲ.

ಬೆಳವಣಿಗೆಯ ಬಗ್ಗೆ ನನಗೆ ಗೊತ್ತಿರುವುದು ಇಷ್ಟು. ಎಲ್ಲಿ ಮುಗ್ಗರಿಸಿದೆವೋ ಆ ಜಾಗವನ್ನು ಕಥೆಯಿಂದ ಕಿತ್ತು ಹಾಕಿದರೆ, ಎದ್ದು ನಿಂತದ್ದೂ ಅದರ ಜೊತೆಗೇ ಕಿತ್ತು ಬರುತ್ತದೆ. ಉಳಿಯುವುದು ನಮ್ಮದಲ್ಲದ ಒಂದು ಚಂದದ ಕಥೆ.

ಕಾರಂತರನ್ನು ಆಗ ಓದಿದ್ದೆನೇ ಹೊರತು ಅವರಿಂದ ಕಲಿಯಬೇಕಾದ್ದನ್ನು ಕಲಿತಿರಲಿಲ್ಲ. ತಮ್ಮ ಆತ್ಮಕಥೆಗೆ ಅವರಿಟ್ಟ ಹೆಸರು 'ಹುಚ್ಚು ಮನಸ್ಸಿನ ಹತ್ತು ಮುಖಗಳು'. ಅಸಹಕಾರ ಚಳವಳಿಯ ಕರೆಗೆ ಕಾಲೇಜು ಬಿಟ್ಟರು, 'ವಸಂತ' ಪತ್ರಿಕೆ ನಡೆಸಿದರು, ಮೂಕಿಚಿತ್ರದ ಕಾಲದಲ್ಲಿ ಸಿನಿಮಾಕ್ಕೆ ಕೈಹಾಕಿದರು, ಪುತ್ತೂರಿನ ಬಾಲವನದಲ್ಲಿ ಮಕ್ಕಳ ಕಲಿಕೆಯ ಪ್ರಯೋಗಕ್ಕಿಳಿದರು. ಕೈ ಸುಟ್ಟದ್ದು, ಸಾಲವಾದದ್ದು, ನಂಬಿದ್ದು ತಪ್ಪೆಂದು ಗೊತ್ತಾದದ್ದು, ಎಲ್ಲವೂ ಅವರ ಬದುಕಿನ ಲೆಕ್ಕದಲ್ಲಿದೆ. 1989ರಲ್ಲಿ, 87ನೆಯ ವಯಸ್ಸಿನಲ್ಲಿ, ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತರು. ಜ್ಞಾನಪೀಠ ಪಡೆದ ಲೇಖಕ ಆ ವಯಸ್ಸಿನಲ್ಲಿ ಸೋಲಲು ಹೋಗಬೇಕಿತ್ತೆ ಎಂದು ನಮ್ಮ ಊರಲ್ಲಿ ಮಾತಾಡಿಕೊಂಡದ್ದು ನನಗೆ ನೆನಪಿದೆ. ನಾನೂ ತಲೆದೂಗಿದ್ದೆ. ಈಗ ಆ ಸೋಲು ನನಗೆ ಅವರ ಹಲವು ಪ್ರಶಸ್ತಿಗಳಿಗಿಂತ ಹತ್ತಿರದ್ದು. ಗೆಲ್ಲುವ ಭರವಸೆ ಇಲ್ಲದ ಕಡೆಗೂ ಅವರು ತಮ್ಮ ನಂಬಿಕೆಯನ್ನು ಹೊತ್ತುಕೊಂಡೇ ಹೋದರು.

ವಿಶ್ವಾವಸುವಿನಲ್ಲಿ ನಾವು ಕಳೆದುಕೊಂಡ ಇನ್ನೊಬ್ಬರು ಸಾಲುಮರದ ತಿಮ್ಮಕ್ಕ. 2025ರ ನವೆಂಬರ್ 14ರಂದು ಹೋದರು. ಅವರ ಕಥೆಯನ್ನು ಮಕ್ಕಳಿಲ್ಲದ್ದಕ್ಕೆ ಮರ ನೆಟ್ಟರು ಎಂದು ಒಂದೇ ಉಸಿರಿಗೆ ಹೇಳಿ ಮುಂದೆ ಹೋಗುತ್ತೇವೆ. ಸ್ವಲ್ಪ ನಿಂತು ನೋಡಬೇಕು. ಮಾಗಡಿ ತಾಲೂಕಿನ ಹುಲಿಕಲ್ಲಿನಂಥ ಹಳ್ಳಿಯಲ್ಲಿ, ಆ ಕಾಲದಲ್ಲಿ, ಮಕ್ಕಳಾಗದ ಹೆಂಗಸು ಎಂದರೆ ಶುಭಕಾರ್ಯದಲ್ಲಿ ಹಿಂದಿನ ಸಾಲು, ಆಡಿಕೊಳ್ಳುವವರಿಗೆ ಸದಾ ಸಿಗುವ ಮಾತು. ಕೂಲಿ ಮಾಡಿ ಬದುಕುತ್ತಿದ್ದ ತಿಮ್ಮಕ್ಕ ಮತ್ತು ಗಂಡ ಚಿಕ್ಕಯ್ಯ ಹುಲಿಕಲ್ಲಿನಿಂದ ಕುದೂರಿನ ಕಡೆಗಿನ ರಸ್ತೆಯ ಎರಡೂ ಬದಿಗೆ ಆಲದ ಸಸಿ ನೆಟ್ಟರು, ಬಿಂದಿಗೆಯಲ್ಲಿ ನೀರು ಹೊತ್ತರು, ದನಕರು ಬಾಯಿ ಹಾಕದಂತೆ ಮುಳ್ಳು ಕಟ್ಟಿದರು. ನಾಲ್ಕು ಕಿಲೋಮೀಟರು ಉದ್ದದ ನೆರಳು ಅದು. 2019ರಲ್ಲಿ ಪದ್ಮಶ್ರೀ ಬಂತು. ನನಗೆ ಇದೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು, ನಮಗೆ ಮಕ್ಕಳಾಗಲಿಲ್ಲ ಎಂಬ ಮಾತನ್ನು ಅವರು ಎಂದೂ ಬಚ್ಚಿಡಲಿಲ್ಲ ಎಂಬುದು. ಸನ್ಮಾನಕ್ಕೆ ಕರೆದಲ್ಲೆಲ್ಲ ಅವರ ಕಥೆ ಅಲ್ಲಿಂದಲೇ ಶುರುವಾಗುತ್ತಿತ್ತು. ಮರಗಳಿಂದ ಶುರುಮಾಡಿ ಅದನ್ನು ಬಿಟ್ಟುಬಿಡಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಅಕ್ಷರ ಕಲಿಯದ ಆ ತಾಯಿ ತಮ್ಮ ಬದುಕಿನ ಮೊದಲ ಪುಟವನ್ನು ಹರಿಯಲಿಲ್ಲ.

ಇಲ್ಲಿ ಒಂದು ಎಚ್ಚರ ಬೇಕು. ನಿಜ ಹೇಳುವುದರ ಬೆಲೆ ಎಲ್ಲರಿಗೂ ಒಂದೇ ಅಲ್ಲ. ನನ್ನ ಇಪ್ಪತ್ತೆರಡು ಅಂಕವನ್ನು ಇವತ್ತು ಹೇಳಿದರೆ ನನಗೆ ಹೋಗುವುದೇನೂ ಇಲ್ಲ. ನೌಕರಿ ಮುಗಿಯುತ್ತಿದೆ, ಮನೆ ಇದೆ, ಪಿಂಚಣಿ ಇದೆ. ಗಂಡುಮಗುವೆಂದು ಬೆಳೆಸಿದ ಮಂಜಮ್ಮ ಜೋಗತಿ ತಾನು ಹೆಣ್ಣು ಎಂದದ್ದಕ್ಕೆ ಮನೆಯನ್ನೇ ಬಿಡಬೇಕಾಯಿತು, ಬೀದಿಯಲ್ಲಿ ಕೈಯೊಡ್ಡಬೇಕಾಯಿತು. ಜೋಗತಿ ನೃತ್ಯ ಅವರನ್ನು ಕೈಹಿಡಿದು, 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿ, 2021ರಲ್ಲಿ ರಾಷ್ಟ್ರಪತಿಗಳ ಎದುರು ನಿಂತು ಸೆರಗಿನಿಂದ ಅವರಿಗೆ ದೃಷ್ಟಿ ತೆಗೆದು ಪದ್ಮಶ್ರೀ ಪಡೆದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಡುವೆ ಕಳೆದ ಹಸಿವಿನ ವರ್ಷಗಳಲ್ಲಿ ತಟ್ಟಿದವರು ಬೆರಳೆಣಿಕೆಯಷ್ಟು. 2025ರ ಮೇ 20ರಂದು 'ಹಾರ್ಟ್ ಲ್ಯಾಂಪ್'ಗೆ ಅಂತರರಾಷ್ಟ್ರೀಯ ಬುಕರ್ ಪಡೆದು ಕನ್ನಡಕ್ಕೆ ಮೊದಲ ಸಲ ಆ ಗೌರವ ತಂದ ಬಾನು ಮುಷ್ತಾಕ್ ಅವರನ್ನು, ಮಸೀದಿಗೆ ಹೆಂಗಸರ ಪ್ರವೇಶ ಬೇಕೆಂದ ಕಾರಣಕ್ಕೆ 2000ದಲ್ಲಿ ಸಮುದಾಯದಿಂದಲೇ ಬಹಿಷ್ಕರಿಸಲಾಗಿತ್ತು. ಆದ್ದರಿಂದ ಎಲ್ಲರೂ ಎಲ್ಲವನ್ನೂ ಹೇಳಿಬಿಡಿ ಎಂದು ನಾನು ಬರೆಯಲಾರೆ. ಹೇಳಿದರೆ ಬೀದಿಗೆ ಬೀಳುವವರು ಬಾಯಿ ಮುಚ್ಚಿಕೊಂಡಿದ್ದರೆ ಅವರ ಮೌನವನ್ನು ಸುಳ್ಳೆಂದು ಕರೆಯುವ ಹಕ್ಕು ನನಗಿಲ್ಲ. ಹೇಳಿದರೂ ಏನೂ ಆಗದ ನನ್ನಂಥವರು ಸುಮ್ಮನಿದ್ದದ್ದು ಮಾತ್ರ ಬೇರೆ ಲೆಕ್ಕ. ನಾವು ಹೇಳಿಕೊಳ್ಳುತ್ತ ಬಂದಿದ್ದರೆ, ಹೇಳಲಾರದವರಿಗೆ ಒಂದಿಷ್ಟು ಜಾಗ ಆಗುತ್ತಿತ್ತು.

ಇದನ್ನು ನನಗೆ ತಿಳಿಸಿದ್ದು ನಮ್ಮ ಶಾಲೆಯ ಒಬ್ಬ ಹುಡುಗಿ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಶಾಲೆಯ ಹೊರಗಿನ ಜನ ನೋಡುವುದು ಹಾರ ಹಾಕಿಸಿಕೊಂಡ ಮಕ್ಕಳನ್ನು. ನಾವು ಮೇಷ್ಟರುಗಳು ಇನ್ನೊಂದು ಪಟ್ಟಿ ಹಿಡಿದು ಮನೆಮನೆಗೆ ಫೋನು ಮಾಡುತ್ತಿರುತ್ತೇವೆ. "ಅವಳು ಅಜ್ಜಿ ಮನೆಗೆ ಹೋಗಿದಾಳೆ" ಎಂಬ ಉತ್ತರ ಎಷ್ಟು ಸಲ ಕೇಳಿದ್ದೇನೋ. ಎಷ್ಟೋ ಸಲ ಹಿಂದಿನಿಂದ ಆ ಹುಡುಗಿಯ ಕೆಮ್ಮು ಕೇಳಿಸಿರುತ್ತದೆ. 2024ರಲ್ಲಿ ವಾರ್ಷಿಕ, ಪೂರಕ ಎಂಬ ಭೇದ ಹೋಗಿ ಪರೀಕ್ಷೆ 1, 2, 3 ಎಂದಾಯಿತು; ಮೂರನ್ನೂ ಬರೆಯಬಹುದಿತ್ತು, ಹೆಚ್ಚು ಬಂದ ಅಂಕ ನಿಲ್ಲುತ್ತಿತ್ತು. ಮೇಷ್ಟರುಗಳಿಗೆ ಕೆಲಸ ಹೆಚ್ಚಾಯಿತು, ನಿಜ. ಆದರೂ ನಾನು ಇದರ ಪರ. ಪೂರಕ ಎಂಬ ಮಾತು ನನ್ನ ಅಂಕಪಟ್ಟಿಯನ್ನು ನಲವತ್ತು ವರ್ಷ ಟ್ರಂಕಿನ ತಳದಲ್ಲಿ ಕೂರಿಸಿದೆ. 2025ರ ಮೇ ತಿಂಗಳಲ್ಲಿ ಇನ್ನೊಂದು ಸುದ್ದಿ ಬಂತು. ಎಲ್ಲ ವಿಷಯದಲ್ಲೂ ಫೇಲಾದ ಮಗನಿಗೆ ಒಂದು ಮನೆಯವರು ಕೇಕು ಕತ್ತರಿಸಿ, ಮತ್ತೆ ಬರೆದರಾಯಿತು ಎಂದು ಧೈರ್ಯ ಹೇಳಿದ್ದರು. ಇದು ಅತಿಯಾಯಿತು ಎಂದು ಸ್ಟಾಫ್ ರೂಮಿನಲ್ಲಿ ಮೊದಲು ಹೇಳಿದವಳು ನಾನೇ. ಆ ಮಾತನ್ನು ಇಲ್ಲಿ ಹಿಂತೆಗೆದುಕೊಳ್ಳುತ್ತೇನೆ. ಆ ಹುಡುಗನಿಗೆ ಅಜ್ಜಿ ಮನೆಯಲ್ಲಿ ಅಡಗುವ ಗತಿ ಬರಲಿಲ್ಲ.

ಅದೇ ವಾರ ನಮ್ಮ ಹುಡುಗಿ ಎರಡನೆಯ ಪರೀಕ್ಷೆಯ ಅರ್ಜಿ ಕೇಳಲು ಬಂದಿದ್ದಳು. ಗಣಿತ ಒಂದೇ ಹೋಗಿತ್ತು. ಜಾಣೆ, ನನ್ನ ತರಗತಿಯಲ್ಲಿ ಮುಂದಿನ ಬೆಂಚು. ಅರ್ಜಿ ತುಂಬುತ್ತಿದ್ದವಳು ಪೆನ್ನು ನಿಲ್ಲಿಸಿ ತಲೆ ಎತ್ತದೆ ಕೇಳಿದಳು: "ಮಿಸ್, ನೀವು ಯಾವತ್ತಾದ್ರೂ ಫೇಲ್ ಆಗಿದ್ರಾ?"

"ಇಲ್ಲಮ್ಮ" ಎಂದೆ.

ಯೋಚಿಸಲಿಲ್ಲ. ಬಾಯಿಗೆ ಅಷ್ಟು ರೂಢಿಯಾಗಿತ್ತು. ಅವಳು "ಹ್ಞೂಂ" ಎಂದು ಅರ್ಜಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೋದಳು. ಅರ್ಜಿ ವಾಪಸ್ಸು ಬರಲಿಲ್ಲ. ಮೇ ಕೊನೆಯಲ್ಲಿ ಪರೀಕ್ಷೆ 2 ಶುರುವಾದಾಗ ಅವಳ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಅದಕ್ಕೆ ನನ್ನ ಮಾತೊಂದೇ ಕಾರಣ ಎಂದು ಹೇಳಿದರೆ ಅದೂ ಒಂದು ಅಹಂಕಾರವಾದೀತು. ಮನೆಯಲ್ಲಿ ಬೇರೆ ತಾಪತ್ರಯ ಇದ್ದಿರಬಹುದು. ಆದರೆ ಸೋತವಳೊಬ್ಬಳು ತನ್ನಂತೆ ಸೋತ ಇನ್ನೊಬ್ಬರನ್ನು ಹುಡುಕುತ್ತ ನನ್ನ ಮೇಜಿನ ತನಕ ಬಂದಿದ್ದಳು. ನಾನು ಅಲ್ಲೇ ಕೂತಿದ್ದೆ, ಇಲ್ಲ ಎಂದೆ.

ಹೊಸ ವರ್ಷದ ಸಂಕಲ್ಪಗಳನ್ನು ನಾನು ಜನವರಿಯಲ್ಲೂ ಮಾಡಿದ್ದೇನೆ, ಯುಗಾದಿಯಲ್ಲೂ ಮಾಡಿದ್ದೇನೆ. ನಡಿಗೆ, ಸಕ್ಕರೆ ಬಿಡುವುದು, ದಿನಕ್ಕೆ ಇಷ್ಟು ಪುಟ ಓದುವುದು. ಕೆಲವು ಉಳಿದವು, ಕೆಲವು ಹೋದವು. ಆ ಜೂನ್‌ನಲ್ಲಿ ಮಾಡಿದ್ದಕ್ಕೆ ಯಾವ ಮುಹೂರ್ತವೂ ಇರಲಿಲ್ಲ. ಟ್ರಂಕು ತೆಗೆದು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಅಂಕಪಟ್ಟಿ ಹುಡುಕಿ ಚೀಲಕ್ಕೆ ಹಾಕಿಕೊಂಡು ಆ ಹುಡುಗಿಯ ಊರಿನ ಬಸ್ಸು ಹತ್ತಿದೆ. ಇಳಿದ ಮೇಲೆ ಮುಕ್ಕಾಲು ಮೈಲಿ ನಡಿಗೆ, ಜಡಿಮಳೆ. ಅಡಿಕೆ ತೋಟದ ಅಂಚಿನ ಹಂಚಿನ ಮನೆ. ಹುಡುಗಿ ಜಗಲಿಯಲ್ಲಿ ಕಡುಬಿಗೆ ಎಲೆ ಒರೆಸುತ್ತಿದ್ದಳು, ನನ್ನನ್ನು ಕಂಡು ಎದ್ದು ಒಳಗೆ ಹೋಗಲು ನೋಡಿದಳು. ಅವಳ ಅಮ್ಮ ಒರೆಸಿಕೊಳ್ಳಲು ಟವೆಲು ಕೊಟ್ಟು, "ಮಳೇಲಿ ಯಾಕೆ ಬಂದ್ರಿ ಮಿಸ್" ಎನ್ನುತ್ತ ಕಾಫಿಗೆ ಹೋದರು.

ಅಂಕಪಟ್ಟಿಯನ್ನು ಹುಡುಗಿಯ ಕೈಗೆ ಕೊಟ್ಟೆ. ಮಡಿಕೆಯಲ್ಲಿ ಹರಿದಿತ್ತು, ಜೋಪಾನವಾಗಿ ಬಿಡಿಸಿದಳು. ತುಂಬಾ ಹೊತ್ತು ನೋಡಿದಳು.

"ಇದು ನೀವಾ ಮಿಸ್?"

"ಹೌದು. ಅವತ್ತು ನಿನಗೆ ಇಲ್ಲ ಅಂದಿದ್ದೆ. ಸುಳ್ಳು ಹೇಳಿದೆ."

ಅವಳು ಅದಕ್ಕೇನೂ ಅನ್ನಲಿಲ್ಲ. ಬೆರಳನ್ನು ಗಣಿತದ ಸಾಲಿನ ಮೇಲೆ ಇಟ್ಟು, "ಇಪ್ಪತ್ತೆರಡು. ನೂರಕ್ಕಾ?" ಎಂದು ಕೇಳಿದಳು.

"ನೂರಕ್ಕೆ."

"ನಂದು ಹತ್ತೊಂಬತ್ತು. ಎಂಬತ್ತಕ್ಕೆ."

ಸೂರಿನ ನೀರು ಅಂಗಳಕ್ಕೆ ಬೀಳುತ್ತಿತ್ತು. ಅವಳು ತುಟಿ ಅಲ್ಲಾಡಿಸುತ್ತ, ಒದ್ದೆ ಬೆರಳಿನಿಂದ ಜಗಲಿಯ ಗಾರೆಯ ಮೇಲೆ ಏನೋ ಗೀಚಿದಳು, ಅಳಿಸಿದಳು, ಮತ್ತೆ ಗೀಚಿದಳು. ಆಮೇಲೆ ಮೊದಲ ಸಲ ನನ್ನ ಮುಖ ನೋಡಿದಳು.

"ನೂರಕ್ಕೆ ಹಾಕಿದ್ರೆ ಇಪ್ಪತ್ಮೂರೂ ಮುಕ್ಕಾಲು ಮಿಸ್. ನಿಮಗಿಂತ ಜಾಸ್ತಿ."

ಲೆಕ್ಕ ಸರಿಯಾಗಿತ್ತು. ಮೂರನೆಯ ಪರೀಕ್ಷೆಯ ಅರ್ಜಿಯನ್ನು ಚೀಲದಿಂದ ತೆಗೆದೆ.